ಒಂದೇ ಮೈ, ಎರಡು ಥರ ತೋಳು: ಮನುಷ್ಯರ ಮೂಳೆ ಒಬ್ಬೊಬ್ಬರಲ್ಲಿ ಒಂದೊಂದು ಥರ ಯಾಕೆ?

ಟೆನಿಸ್ ಆಡುವವರೊಬ್ಬರ ಎರಡೂ ತೋಳಿನ ಎಕ್ಸ್-ರೇ ತೆಗೆದು ಪಕ್ಕಪಕ್ಕ ಇಟ್ಟರೆ, ಎರಡೂ ಒಬ್ಬರದೇ ಅಂತ ನಂಬುವುದು ಕಷ್ಟ. ರಾಕೆಟ್ ಹಿಡಿಯುವ ತೋಳಿನ ಮೂಳೆ ಎದ್ದು ಕಾಣುವಷ್ಟು ದಪ್ಪ. ಇನ್ನೊಂದು ನಿಮ್ಮ ನನ್ನ ಮೂಳೆಯ ಹಾಗೆ ಸಾಧಾರಣ. 1977ರಲ್ಲಿ 84 ಜನ ವೃತ್ತಿಪರ ಆಟಗಾರರ ತೋಳುಗಳನ್ನು ಹೀಗೆ ಅಳೆದು ನೋಡಿದ್ದರು. ಭುಜದಿಂದ ಮೊಣಕೈವರೆಗಿನ ಮೂಳೆಯ ಗಟ್ಟಿ ಹೊರಗೋಡೆ, ಆಡುವ ಕೈಯಲ್ಲಿ ಗಂಡಸರಿಗೆ ಸುಮಾರು ಶೇ 35ರಷ್ಟು, ಹೆಂಗಸರಿಗೆ ಸುಮಾರು ಶೇ 28ರಷ್ಟು ಜಾಸ್ತಿ ದಪ್ಪ ಇತ್ತು.

ಈ ಲೆಕ್ಕ ನನಗೆ ಯಾಕೆ ಇಷ್ಟ ಅಂದರೆ, ಇಲ್ಲಿ ವಾದ ಮಾಡೋಕೆ ಜಾಗವೇ ಇಲ್ಲ. ಎರಡು ತೋಳಿಗೂ ಅಪ್ಪ ಅಮ್ಮ ಅವರೇ, ಜೀನ್ ಅವೇ, ತಿಂದ ಊಟ ಅದೇ, ಬಿದ್ದ ಬಿಸಿಲು ಅದೇ. ಬೇರೆ ಆಗಿದ್ದು ಮಾಡಿದ ಕೆಲಸ ಒಂದೇ.

ಹಾಗಾದರೆ ಮೂಳೆಯ ಆಕಾರವೆಲ್ಲ ನಾವು ಬದುಕುವ ರೀತಿಯಿಂದಲೇ ಬರುತ್ತಾ? ಇಲ್ಲ. ಎಷ್ಟು ಟೆನಿಸ್ ಆಡಿದರೂ ತೋಳಿನ ಮೂಳೆ ತೋಳಿನ ಮೂಳೆಯೇ, ಅದು ತೊಡೆ ಮೂಳೆ ಆಗುವುದಿಲ್ಲ. ಇಬ್ಬರು ಒಂದೇ ಥರ ಬದುಕಿದರೂ ಒಬ್ಬರ ಕಾಲು ಉದ್ದ, ಇನ್ನೊಬ್ಬರದು ಗಿಡ್ಡ ಆಗಬಹುದು. ಆ ವ್ಯತ್ಯಾಸ ಸಾವಿರಾರು ವರ್ಷ ಒಂದು ಹವೆಯಲ್ಲಿ ಬದುಕಿದ ಪೂರ್ವಜರಿಂದ ಬಂದಿರಬಹುದು, ಬಾಲ್ಯದಲ್ಲಿ ಸಿಕ್ಕ ಅಥವಾ ಸಿಗದ ಊಟದಿಂದ ಬಂದಿರಬಹುದು, ಇಲ್ಲಾ ಯಾವ ಕಾರಣವೂ ಇಲ್ಲದೆ ಸುಮ್ನೆ ಅದೃಷ್ಟದಿಂದ ಬಂದಿರಬಹುದು. ತೊಂದರೆ ಏನಂದರೆ, ಹೊರಗಿನಿಂದ ನೋಡಿದರೆ ಮೂರೂ ಒಂದೇ ಥರ ಕಾಣುತ್ತವೆ. ಮೂಳೆ ಓದುವವರ ತಲೆನೋವೆಲ್ಲ ಇರುವುದು ಇಲ್ಲೇ.

ಮೊದಲು ಮೂಳೆಯ ಕೆಲಸ ನೋಡೋಣ. ಮೂಳೆ ಅಂದ ತಕ್ಷಣ ಲ್ಯಾಬಿನಲ್ಲಿ ತೂಗುಹಾಕಿದ ಒಣ ಅಸ್ಥಿಪಂಜರ ನೆನಪಾಗುತ್ತದೆ. ಹಾಗಾಗಿ ಮೂಳೆ ಅಂದರೆ ಕಟ್ಟಡದ ಕಂಬಿ ಇದ್ದ ಹಾಗೆ, ಒಂದು ಸಲ ಹಾಕಿದರೆ ಮುಗೀತು ಅಂದುಕೊಂಡುಬಿಡುತ್ತೇವೆ. ಆದರೆ ಮೈಯೊಳಗಿನ ಮೂಳೆಗೆ ಜೀವ ಇದೆ. ಅದರಲ್ಲಿ ರಕ್ತ ಹರಿಯುತ್ತದೆ, ನರಗಳಿವೆ. ದಿನವೂ ಒಂದು ಕಡೆ ಕೆಡವುವುದು, ಇನ್ನೊಂದು ಕಡೆ ಕಟ್ಟುವುದು ನಡೆದೇ ಇರುತ್ತದೆ. ಕೆಡವುವ ಜೀವಕೋಶಕ್ಕೆ ಆಸ್ಟಿಯೋಕ್ಲಾಸ್ಟ್ ಅಂತಾರೆ, ಕಟ್ಟುವುದಕ್ಕೆ ಆಸ್ಟಿಯೋಬ್ಲಾಸ್ಟ್. ಎಲ್ಲಿ ಕೆಡವಬೇಕು ಎಲ್ಲಿ ಕಟ್ಟಬೇಕು ಅಂತ ಇವಕ್ಕೆ ಸುದ್ದಿ ಮುಟ್ಟಿಸುವುದು ಮೂರನೆಯ ಥರದ್ದು, ಆಸ್ಟಿಯೋಸೈಟ್. ಮೂಳೆಯ ಕೋಶಗಳಲ್ಲಿ ಹೆಚ್ಚಿನವು ಇವೇ, ಗಟ್ಟಿ ಮೂಳೆಯೊಳಗೆ ಹೂತುಕೊಂಡು ಕೂತಿರುತ್ತವೆ. ನೀವು ಹೆಜ್ಜೆ ಇಟ್ಟಾಗ, ಭಾರ ಎತ್ತಿದಾಗ ಮೂಳೆ ಕಣ್ಣಿಗೆ ಕಾಣದಷ್ಟು ಸಣ್ಣಗೆ ಬಾಗುತ್ತದೆ, ಬಾಗಿದಾಗ ಅದರೊಳಗಿನ ಸೂಕ್ಷ್ಮ ನಾಳಗಳಲ್ಲಿರುವ ದ್ರವ ಅತ್ತಿಂದಿತ್ತ ಸರಿಯುತ್ತದೆ, ಆ ಸರಿದಾಟ ಈ ಕೋಶಗಳಿಗೆ ಗೊತ್ತಾಗುತ್ತದೆ. ಜಾಸ್ತಿ ಬಾಗುತ್ತಿದೆ ಅಂದರೆ ಅಲ್ಲಿ ಮೂಳೆ ಸೇರುತ್ತದೆ. ಬಾಗುವುದೇ ಇಲ್ಲ ಅಂದರೆ, ಅಲ್ಲಿ ಇಷ್ಟು ಮೂಳೆ ಯಾಕೆ ಬೇಕು ಅಂತ ಕರಗಿಸುತ್ತದೆ. ದೊಡ್ಡವರ ಅಸ್ಥಿಪಂಜರದಲ್ಲಿ ವರ್ಷಕ್ಕೆ ಸುಮಾರು ಶೇ 10 ಭಾಗ ಹೀಗೆ ಹೊಸದಾಗುತ್ತದೆ.

ಮೂಳೆ ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ಆಕಾರ ಪಡೆಯುತ್ತದೆ ಅಂತ ಜರ್ಮನಿಯ ವೈದ್ಯ ಜೂಲಿಯಸ್ ವುಲ್ಫ್ 1892ರಲ್ಲೇ ಬರೆದಿದ್ದ. ಅವನ ಗಣಿತದಲ್ಲಿ ತಪ್ಪುಗಳಿದ್ದವು, ಮಾತು ಮಾತ್ರ ಉಳಿಯಿತು. ಇದರ ಉಲ್ಟಾ ಪರೀಕ್ಷೆ ನಡೆಯುವುದು ಬಾಹ್ಯಾಕಾಶದಲ್ಲಿ. ಅಲ್ಲಿ ಮೈಭಾರವೇ ಇಲ್ಲವಲ್ಲ, ಅದಕ್ಕೇ ಗಗನಯಾತ್ರಿಗಳ ಸೊಂಟ ಮತ್ತು ಬೆನ್ನಿನ ಮೂಳೆಯಲ್ಲಿ ತಿಂಗಳಿಗೆ ಶೇ 1ರಿಂದ 1.5ರಷ್ಟು ಕರಗಿಹೋಗುತ್ತದೆ. ದಿನಾ ಗಂಟೆಗಟ್ಟಲೆ ವ್ಯಾಯಾಮ ಮಾಡಿಸುವುದು ಇದಕ್ಕೇ.

ಮೂಳೆ ಎಲ್ಲ ವಯಸ್ಸಿನಲ್ಲೂ ಇಷ್ಟೇ ಚುರುಕಾಗಿ ಮಾತು ಕೇಳುವುದಿಲ್ಲ. ಟೆನಿಸ್, ಸ್ಕ್ವಾಷ್ ಆಡುವ ಫಿನ್ಲೆಂಡಿನ ಹೆಂಗಸರನ್ನು 1995ರಲ್ಲಿ ಪರೀಕ್ಷಿಸಿದಾಗ, ಮೈನೆರೆಯುವ ಮುಂಚೆ ಅಥವಾ ಆ ಹೊತ್ತಿಗೇ ಆಟ ಶುರುಮಾಡಿದವರಲ್ಲಿ ಎರಡು ತೋಳಿನ ವ್ಯತ್ಯಾಸ, ದೊಡ್ಡವರಾದ ಮೇಲೆ ಶುರುಮಾಡಿದವರಿಗಿಂತ ಎರಡರಿಂದ ನಾಲ್ಕು ಪಟ್ಟು ಜಾಸ್ತಿ ಇತ್ತು. ಅಂದರೆ ಬೆಳೆಯುವ ವಯಸ್ಸಿನಲ್ಲಿ ಮಾಡಿದ್ದನ್ನು ಮೂಳೆ ಬರೆದಿಟ್ಟುಕೊಳ್ಳುತ್ತದೆ.

ಇಷ್ಟು ಓದಿ ಜೀನ್ ಒಂದು ಕಡೆ, ಬದುಕು ಇನ್ನೊಂದು ಕಡೆ ಅಂತ ಗೆರೆ ಎಳೆಯಬೇಡಿ. ಎಲ್‌ಆರ್‌ಪಿ5 ಅನ್ನುವ ಒಂದು ಜೀನ್ ಇದೆ. ಅದರಲ್ಲಿ ಒಂದು ಥರದ ಬದಲಾವಣೆ ಆದ ಕುಟುಂಬಗಳಲ್ಲಿ ಮೂಳೆ ಅಸಾಧಾರಣ ಗಟ್ಟಿ. ಅದೇ ಜೀನ್ ಪೂರ್ತಿ ಕೆಟ್ಟರೆ ಮಕ್ಕಳಿಗೇ ಮೂಳೆ ಸವೆದು ಪದೇ ಪದೇ ಮುರಿಯುತ್ತದೆ. ಈ ಜೀನ್ ಇಲ್ಲದ ಇಲಿಗಳ ಮೂಳೆಗೆ ಭಾರ ಹಾಕಿ ನೋಡಿದರೆ, ಬೇರೆ ಇಲಿಗಳ ಮೂಳೆ ದಪ್ಪ ಆಗುವಷ್ಟು ಅವುಗಳದ್ದು ಆಗುವುದಿಲ್ಲ. ಎಷ್ಟು ದಪ್ಪ ಇರಬೇಕು ಅನ್ನುವುದಷ್ಟೇ ಅಲ್ಲ, ಭಾರ ಬಿದ್ದಾಗ ಎಷ್ಟರಮಟ್ಟಿಗೆ ಓಗೊಡಬೇಕು ಅನ್ನುವುದರಲ್ಲೂ ಜೀನ್ ಕೈ ಇದೆ. ಇಬ್ಬರು ಒಂದೇ ವ್ಯಾಯಾಮ ಮಾಡಿದರೂ ಇಬ್ಬರ ಮೂಳೆ ಒಂದೇ ಥರ ಬದಲಾಗದಿರುವುದಕ್ಕೆ ಇಂಥವೂ ಕಾರಣ.

ಈಗ ಹವೆಯ ಕಥೆಗೆ ಬರೋಣ. ಒದ್ದೆ ಬಟ್ಟೆಯನ್ನು ಹರಡಿ ಹಾಕಿದರೆ ಬೇಗ ಒಣಗುತ್ತದೆ, ಮುದ್ದೆ ಮಾಡಿ ಇಟ್ಟರೆ ಒಳಗೆ ಹಸಿಯಾಗಿಯೇ ಇರುತ್ತದೆ. ಬಟ್ಟೆ ಅಷ್ಟೇ, ಗಾಳಿಗೆ ತೆರೆದ ಮೈ ಹೆಚ್ಚು ಕಡಿಮೆ. ಶಾಖದ ವಿಷಯವೂ ಹೀಗೇ. ಉದ್ದ ತೆಳ್ಳಗಿನ ಮೈಗೆ ತೂಕಕ್ಕೆ ಹೋಲಿಸಿದರೆ ಚರ್ಮ ಜಾಸ್ತಿ, ಬಿಸಿ ಬೇಗ ಹೊರಗೆ ಹೋಗುತ್ತದೆ. ಗಿಡ್ಡ ದಪ್ಪ ಮೈ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ. ಚಳಿ ಪ್ರದೇಶದ ಪ್ರಾಣಿಗಳು ದೊಡ್ಡ ಗಾತ್ರದವು ಅಂತ ಕಾರ್ಲ್ ಬರ್ಗ್‌ಮನ್ 1847ರಲ್ಲಿ, ಅವುಗಳ ಕೈಕಾಲು, ಕಿವಿ, ಬಾಲ ಗಿಡ್ಡ ಅಂತ ಜೋಯೆಲ್ ಅಲೆನ್ 1877ರಲ್ಲಿ ಹೇಳಿದ್ದರು. ಮನುಷ್ಯರಲ್ಲೂ ಇದು ಒಂದು ಮಟ್ಟಿಗೆ ಕಾಣುತ್ತದೆ, ಅದರಲ್ಲೂ ಮಂಡಿ ಕೆಳಗಿನ ಮೂಳೆಯಲ್ಲಿ. ಆ ಮೂಳೆಯ ಉದ್ದ ತೊಡೆ ಮೂಳೆಯ ಶೇಕಡ ಎಷ್ಟು ಅಂತ ಲೆಕ್ಕ ಹಾಕುತ್ತಾರೆ. ಬಿಸಿ ಪ್ರದೇಶದ ಎಷ್ಟೋ ಸಮುದಾಯಗಳಲ್ಲಿ ಇದು 85ರ ಆಸುಪಾಸು. ಹಿಮಯುಗದ ಯುರೋಪಿನಲ್ಲಿ ಬದುಕಿದ್ದ, ಈಗ ಅಳಿದುಹೋಗಿರುವ ನಿಯಾಂಡರ್ತಾಲ್ ಅನ್ನುವ ಮನುಷ್ಯರಲ್ಲಿ ಸುಮಾರು 79. ಇನ್ನೊಂದು ತುದಿಯಲ್ಲಿ ಕೀನ್ಯಾದ ತುರ್ಕಾನಾ ಸರೋವರದ ಹತ್ತಿರ 1984ರಲ್ಲಿ ಕಮೋಯಾ ಕಿಮೇವು ಪತ್ತೆ ಮಾಡಿದ ಹುಡುಗ. ಸುಮಾರು 15 ಲಕ್ಷ ವರ್ಷ ಹಳೆಯವನು, ಹೋಮೋ ಎರೆಕ್ಟಸ್ ಅನ್ನುವ ಪ್ರಾಚೀನ ಮಾನವ, ಇನ್ನೂ ಚಿಕ್ಕವನು, ಆಗಲೇ ಉದ್ದುದ್ದ ಕಾಲು, ಸಪೂರ ಮೈ.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿದೆ, ಪಾಠಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತವೆ ಕೂಡ. ಆದರೆ 2008ರಲ್ಲಿ ಮರಿಯಾ ಸೆರಾಟ್ ಮತ್ತು ಜೊತೆಯವರು ಇಲಿಗಳ ಒಂದು ಪ್ರಯೋಗ ಪ್ರಕಟಿಸಿದರು. ಒಂದೇ ತಳಿಯ ಇಲಿಗಳನ್ನು 7, 21 ಮತ್ತು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳೆಸಿದರು. ಬೆಚ್ಚಗೆ ಬೆಳೆದ ಇಲಿಗಳ ಕಾಲು, ಬಾಲ, ಕಿವಿ ಉದ್ದ ಆದವು. ಚಳಿಯಲ್ಲಿ ಬೆಳೆದವುಗಳದ್ದು ಗಿಡ್ಡ. ವಿಕಾಸಕ್ಕೆ ಸಮಯವೇ ಇಲ್ಲ, ಅದೇ ತಲೆಮಾರಿನ ಇಲಿಗಳು! ಮೂಳೆ ಉದ್ದ ಆಗುವ ಕಡೆ ಇರುವ ಮೆತ್ತನೆ ಭಾಗವನ್ನು, ಅಂದರೆ ಬೆಳವಣಿಗೆಯ ಕಾರ್ಟಿಲೇಜನ್ನು, ಮೈಯಿಂದ ಹೊರತೆಗೆದು ತಟ್ಟೆಯಲ್ಲಿಟ್ಟು ಬೆಳೆಸಿದರೂ ಬಿಸಿಯಲ್ಲಿ ಜಾಸ್ತಿ ಬೆಳೆಯಿತು. ಕೈಕಾಲಿನ ತುದಿಗಳು ಮೈಗಿಂತ ತಣ್ಣಗಿರುತ್ತವೆ, ತಣ್ಣಗಿದ್ದರೆ ಬೆಳವಣಿಗೆ ನಿಧಾನ, ಅಷ್ಟೇ ಲೆಕ್ಕ.

ಹಾಗಾದರೆ ಅಲೆನ್ ಹೇಳಿದ ನಿಯಮದಲ್ಲಿ ಜೀನ್ ಪಾತ್ರವೇ ಇಲ್ವಾ ಅಂದರೆ, ಇದೆ. ಸುಮಾರು 40 ಸಾವಿರ ವರ್ಷಗಳ ಹಿಂದೆ ನಮ್ಮದೇ ಪ್ರಭೇದದ, ಅಂದರೆ ಹೋಮೋ ಸೇಪಿಯನ್ಸ್ ಮನುಷ್ಯರು ಯುರೋಪಿಗೆ ಹೋದರಲ್ಲ, ಅವರ ಮಂಡಿ ಕೆಳಗಿನ ಮೂಳೆ ಉದ್ದವಾಗಿತ್ತು, ಬಿಸಿ ಪ್ರದೇಶದವರ ಹಾಗೆ. ಹಿಮಯುಗದ ಚಳಿಯಲ್ಲಿ ಸಾವಿರಾರು ವರ್ಷ ಬದುಕಿದ ಮೇಲೂ ಹಾಗೇ ಉಳಿದಿತ್ತು. ಹವೆ ಒಂದೇ ತಲೆಮಾರಿನಲ್ಲಿ ಎಲ್ಲವನ್ನೂ ಬದಲಿಸುವ ಹಾಗಿದ್ದರೆ ಅವರ ಮಕ್ಕಳ ಕಾಲೇ ಗಿಡ್ಡ ಆಗಬೇಕಿತ್ತು. ಆಗಲಿಲ್ಲ. ಹವೆ ಮೈಯನ್ನು ತಕ್ಷಣ ಸ್ವಲ್ಪ ತಿದ್ದುತ್ತದೆ, ವಿಕಾಸ ಅದೇ ದಿಕ್ಕಿನಲ್ಲಿ ನಿಧಾನವಾಗಿ ತಳ್ಳುತ್ತದೆ, ಕೊನೆಗೆ ಅಳತೆಪಟ್ಟಿ ಹಿಡಿದವರ ಕೈಗೆ ಸಿಗುವುದು ಎರಡೂ ಸೇರಿದ ಒಂದು ಅಂಕಿ. ಬಟ್ಟೆ, ಬೆಂಕಿ, ಬೆಚ್ಚಗಿನ ಗೂಡು ಇವೆಲ್ಲ ಬಂದ ಮೇಲೆ ಮನುಷ್ಯನ ಮೈಗೆ ತಾಗುವ ಹವೆಯೇ ಹೊರಗಿನ ಹವೆ ಅಲ್ಲ ಅನ್ನುವುದನ್ನೂ ಇದಕ್ಕೆ ಸೇರಿಸಿಕೊಳ್ಳಿ.

ಎತ್ತರದ ವಿಷಯದಲ್ಲಿ ಜನ ಇನ್ನೂ ಜಾಸ್ತಿ ಗೊಂದಲ ಮಾಡಿಕೊಳ್ಳುತ್ತಾರೆ. ಚೆನ್ನಾಗಿ ಊಟ ಸಿಗುವ ಸಮಾಜಗಳಲ್ಲಿ ಅವಳಿಗಳನ್ನು ಹೋಲಿಸಿ ನೋಡಿದರೆ, ಎತ್ತರದ ವ್ಯತ್ಯಾಸದಲ್ಲಿ ಸುಮಾರು ಶೇ 80 ಪಾಲು ಜೀನ್‌ಗಳದ್ದು ಅಂತ ಬರುತ್ತದೆ. 2022ರಲ್ಲಿ ಸುಮಾರು 54 ಲಕ್ಷ ಜನರ ಡಿಎನ್‌ಎ ಜಾಲಾಡಿ, ಎತ್ತರಕ್ಕೆ ಸಂಬಂಧಪಟ್ಟ 12,111 ಜಾಗಗಳನ್ನು ಗುರುತಿಸಿದರು. ಹನ್ನೆರಡು ಸಾವಿರ! ಎತ್ತರಕ್ಕೆ ಅಂತ ಒಂದು ಜೀನ್ ಇಲ್ಲ. ಒಂದೊಂದೂ ಕೂದಲೆಳೆಯಷ್ಟು ಕೂಡಿಸುವ, ಕಳೆಯುವ ದೊಡ್ಡ ಗುಂಪು ಅದು.

ಸರಿ, ಈಗ ಇನ್ನೊಂದು ಲೆಕ್ಕ ನೋಡಿ. 1896ರಲ್ಲಿ ಹುಟ್ಟಿದ ದಕ್ಷಿಣ ಕೊರಿಯಾದ ಹೆಂಗಸರಿಗೂ 1996ರಲ್ಲಿ ಹುಟ್ಟಿದವರಿಗೂ ಸರಾಸರಿ ಎತ್ತರದಲ್ಲಿ 20.2 ಸೆಂಟಿಮೀಟರ್ ವ್ಯತ್ಯಾಸ. ಇರಾನಿನ ಗಂಡಸರು ಅದೇ ಅವಧಿಯಲ್ಲಿ 16.5 ಸೆಂಟಿಮೀಟರ್ ಬೆಳೆದರು. ನೂರು ವರ್ಷ ಅಂದರೆ ನಾಲ್ಕು ತಲೆಮಾರು, ಅಷ್ಟರಲ್ಲಿ ಜೀನ್‌ಗಳು ಇಷ್ಟು ಬದಲಾಗುವುದಿಲ್ಲ. ಬದಲಾಗಿದ್ದು ಊಟ, ನೀರು, ಮಕ್ಕಳಿಗೆ ಬರುವ ಕಾಯಿಲೆಗಳು.

ಶೇ 80 ಜೀನ್ ಅಂತ ಈಗಷ್ಟೇ ಹೇಳಿ, ಈಗ ಎಲ್ಲ ಊಟದಿಂದ ಅಂದರೆ ಹೇಗೆ? ಎರಡೂ ನಿಜ, ಏಕೆಂದರೆ ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ. ಶೇ 80 ಅನ್ನುವುದು ಒಂದೇ ಕಾಲದಲ್ಲಿ, ಒಂದೇ ಥರದ ಬದುಕಿನಲ್ಲಿ ಇರುವ ಜನರ ನಡುವಿನ ವ್ಯತ್ಯಾಸದ ಮಾತು. ಎಲ್ಲರಿಗೂ ಹೊಟ್ಟೆ ತುಂಬ ಊಟ ಸಿಕ್ಕಮೇಲೆ ಊಟದಿಂದ ಆಗುವ ವ್ಯತ್ಯಾಸ ಅಳಿಸಿಹೋಗುತ್ತದೆ, ಉಳಿಯುವುದು ಜೀನ್ ವ್ಯತ್ಯಾಸವೇ. ಇಡೀ ಗುಂಪೇ ಮೇಲೆದ್ದು ನಿಂತರೆ ಆ ಶೇಕಡಾವಾರಿಗೆ ಅದು ಗೊತ್ತಾಗುವುದೇ ಇಲ್ಲ. ಒಂದು ಸಮುದಾಯ ಗಿಡ್ಡ ಇದ್ದರೆ ಅದು ಅವರ ರಕ್ತದಲ್ಲೇ ಇದೆ ಅಂತ ಎಷ್ಟು ಸಲೀಸಾಗಿ ಹೇಳಿಬಿಡುತ್ತಾರೆ ನೋಡಿ, ಆ ಮಾತು ಬಿದ್ದುಹೋಗುವುದು ಇಲ್ಲೇ. ಗ್ವಾಟೆಮಾಲಾದ ಮಾಯಾ ಜನರನ್ನು ಹಾಗೇ ಅನ್ನುತ್ತಿದ್ದರು. ಆಮೇಲೆ ಅಮೆರಿಕಕ್ಕೆ ವಲಸೆ ಹೋದ ಮಾಯಾ ಕುಟುಂಬಗಳ ಮಕ್ಕಳನ್ನು ಬ್ಯಾರಿ ಬೋಗಿನ್ ಮತ್ತು ಜೊತೆಯವರು ಅಳೆದರು. ಊರಲ್ಲೇ ಉಳಿದವರ ಮಕ್ಕಳಿಗಿಂತ ಇವರು ಸರಾಸರಿ 10 ಸೆಂಟಿಮೀಟರಿಗೂ ಜಾಸ್ತಿ ಎತ್ತರ ಇದ್ದರು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬಂದಿದ್ದು ಕಾಲಿನ ಉದ್ದದಿಂದ. ಕಾಲೇ ಯಾಕೆ ಅಂದರೆ, ಎಳೆಯ ವಯಸ್ಸಿನಲ್ಲಿ ಮುಂಡಕ್ಕಿಂತ ಕಾಲು ವೇಗವಾಗಿ ಬೆಳೆಯುತ್ತಿರುತ್ತದೆ. ಆಗ ಊಟಕ್ಕೆ ಕೊರತೆ ಬಿದ್ದರೆ, ಕಾಯಿಲೆ ಮೇಲಿಂದ ಮೇಲೆ ಬಂದರೆ, ಮೊದಲು ಪೆಟ್ಟು ತಿನ್ನುವುದು ಅದೇ. ಹಳೆಯ ಅಸ್ಥಿಪಂಜರ ಸಿಕ್ಕಾಗ ಬಾಲ್ಯ ಹೇಗಿತ್ತು ಅಂತ ತಿಳಿಯಲು ಕಾಲಿನ ಉದ್ದ ಮತ್ತು ಮುಂಡದ ಉದ್ದ ಹೋಲಿಸಿ ನೋಡುವುದು ಇದಕ್ಕೇ.

ಗಿಡ್ಡ ಆಗುವುದರಲ್ಲಿ ಲಾಭವೂ ಇದ್ದಿರಬಹುದು. ಜಿಡಿಎಫ್5 ಅನ್ನುವ ಜೀನ್‌ನ ಹತ್ತಿರ, ಮೂಳೆಯ ಬೆಳವಣಿಗೆಯನ್ನು ಸ್ವಲ್ಪ ತಗ್ಗಿಸುವ, ಡಿಎನ್‌ಎಯ ಒಂದು ರೂಪ ಇದೆ. ಆಫ್ರಿಕಾದಲ್ಲಿ ಅಪರೂಪ, ಯುರೋಪ್ ಮತ್ತು ಏಷ್ಯಾದಲ್ಲಿ ಕೋಟಿಗಟ್ಟಲೆ ಜನರಲ್ಲಿದೆ. ಇದೇ ರೂಪ ಮಂಡಿನೋವಿನ ಸಂಧಿವಾತದ ಸಾಧ್ಯತೆಯನ್ನೂ ಹೆಚ್ಚಿಸುತ್ತದೆ. ಕೆಟ್ಟದ್ದನ್ನು ನಿಸರ್ಗ ಯಾಕೆ ಉಳಿಸಿಕೊಂಡಿತು ಅಂದರೆ, ಸಂಧಿವಾತ ಬರುವುದು ಮಕ್ಕಳಾದ ಮೇಲೆ, ವಯಸ್ಸಾದ ಮೇಲೆ. ಚಳಿಯಲ್ಲಿ ಗಿಡ್ಡ ಮೂಳೆಯಿಂದ ಎಳೆಯ ವಯಸ್ಸಿನಲ್ಲಿ ಏನಾದರೂ ಅನುಕೂಲ ಆಗಿದ್ದರೆ ಅದು ಆಯ್ಕೆಯಾಗುತ್ತದೆ, ಮುದುಕರ ಮಂಡಿ ನಿಸರ್ಗದ ಲೆಕ್ಕಕ್ಕೆ ಬರುವುದಿಲ್ಲ.

ಇಲ್ಲಿವರೆಗೆ ಪ್ರತಿ ವ್ಯತ್ಯಾಸಕ್ಕೂ ಒಂದು ಕಾರಣ ಸಿಕ್ಕಿತು, ಅಲ್ವಾ? ತಲೆಬುರುಡೆಗೆ ಬಂದರೆ ಈ ಅಭ್ಯಾಸ ಕೈಕೊಡುತ್ತದೆ. ಹಣೆ ಹೀಗಿರುವುದು ಇದಕ್ಕೆ, ಕೆನ್ನೆ ಮೂಳೆ ಹಾಗಿರುವುದು ಅದಕ್ಕೆ ಅಂತ ಕಥೆ ಕಟ್ಟುವುದು ಸುಲಭ, ಅಂಥ ಕಥೆಗಳಿಗೆ ಬರವೂ ಇಲ್ಲ. ಆದರೆ 2007ರಲ್ಲಿ ಆಂಡ್ರಿಯಾ ಮಾನಿಕಾ ಮತ್ತು ಜೊತೆಯವರು ಪ್ರಪಂಚದ ಬೇರೆ ಬೇರೆ ಕಡೆಯ ನಾಲ್ಕು ಸಾವಿರಕ್ಕೂ ಹೆಚ್ಚು ತಲೆಬುರುಡೆಗಳ ಅಳತೆ ತೆಗೆದುಕೊಂಡು ನೋಡಿದಾಗ ಕಂಡಿದ್ದು ಬೇರೆಯೇ. ಆಫ್ರಿಕಾದಿಂದ ದೂರ ಹೋದಷ್ಟೂ ಒಂದು ಗುಂಪಿನೊಳಗಿನ ತಲೆಬುರುಡೆಗಳ ವೈವಿಧ್ಯ ಕಡಿಮೆ ಆಗುತ್ತಾ ಹೋಗುತ್ತದೆ. ಜೀನ್‌ಗಳ ವೈವಿಧ್ಯವೂ ಹೀಗೇ ಇಳಿಯುತ್ತದೆ.

ಒಂದು ಚೀಲದಲ್ಲಿ ಇಪ್ಪತ್ತು ಬಣ್ಣದ ಮಣಿಗಳಿವೆ ಅಂದುಕೊಳ್ಳಿ. ಕಣ್ಣುಮುಚ್ಚಿ ಒಂದು ಹಿಡಿ ತೆಗೆದರೆ ಹದಿನೈದು ಬಣ್ಣ ಬರಬಹುದು. ಆ ಹಿಡಿಯಿಂದಲೇ ಇನ್ನೊಂದು ಚೀಲ ತುಂಬುವಷ್ಟು ಮಣಿ ಮಾಡಿ, ಮತ್ತೆ ಅದರಿಂದ ಒಂದು ಹಿಡಿ ತೆಗೆದರೆ ಹನ್ನೆರಡು. ಆಫ್ರಿಕಾದಿಂದ ಹೊರಟ ಜನ ಹೀಗೆ ಸಣ್ಣ ಸಣ್ಣ ಗುಂಪುಗಳಾಗಿ ಮುಂದೆ ಮುಂದೆ ಹೋದರು, ಪ್ರತಿ ಹೆಜ್ಜೆಗೂ ಒಂದಿಷ್ಟು ಬಣ್ಣ ಹಿಂದೆ ಉಳಿಯಿತು. ಯಾವ ಬಣ್ಣ ಉಳಿಯಿತು, ಯಾವುದು ಬಂತು ಅನ್ನುವುದಕ್ಕೆ ಲಾಭ ನಷ್ಟದ ಲೆಕ್ಕ ಇಲ್ಲ, ಕೈಗೆ ಸಿಕ್ಕಿದ್ದು ಬಂತು. ಇದನ್ನು ಜೆನೆಟಿಕ್ ಡ್ರಿಫ್ಟ್ ಅಂತಾರೆ. ತಲೆಬುರುಡೆಯ ವ್ಯತ್ಯಾಸದಲ್ಲಿ ದೊಡ್ಡ ಪಾಲು ಈ ಡ್ರಿಫ್ಟ್‌ನದ್ದೇ ಅಂತ ಈಗ ಬಹುಪಾಲು ಜನ ಒಪ್ಪುತ್ತಾರೆ. ನನಗೆ ಕೇಳಿದರೆ, ಈ ವಿಷಯದಲ್ಲಿ ಒಪ್ಪಿಕೊಳ್ಳಲು ಅತಿ ಕಷ್ಟದ ಮಾತು ಇದೇ. ನಮಗೆ ಯಾಕೆ ಅನ್ನುವ ಪ್ರಶ್ನೆಗೆ 'ಸುಮ್ನೆ' ಅನ್ನುವ ಉತ್ತರ ಕೊಟ್ಟರೆ ಸಮಾಧಾನ ಆಗುವುದಿಲ್ಲ.

ಮೂಗು ಮಾತ್ರ ಇದಕ್ಕೆ ಅಪವಾದ. ಒಳಗೆ ಹೋಗುವ ಗಾಳಿಯನ್ನು ಬೆಚ್ಚಗೆ ಮಾಡಿ, ತೇವ ಮಾಡಿ ಕಳಿಸುವುದು ಮೂಗಿನ ಕೆಲಸ. ಹೊರಳೆ ಕಿರಿದಾಗಿದ್ದರೆ ಗಾಳಿ ಒಳಗೋಡೆಗೆ ಹೆಚ್ಚು ಉಜ್ಜಿಕೊಂಡು ಹೋಗುತ್ತದೆ. ತಣ್ಣಗಿನ ಒಣ ಗಾಳಿಯ ಪ್ರದೇಶಗಳಲ್ಲಿ ಕಿರಿದಾದ ಮೂಗು, ಬಿಸಿ ತೇವದ ಪ್ರದೇಶಗಳಲ್ಲಿ ಅಗಲ ಮೂಗು ಇರುವುದು ಬರೀ ಡ್ರಿಫ್ಟ್‌ನಿಂದ ವಿವರಿಸಲು ಆಗದಷ್ಟು ಸ್ಪಷ್ಟವಾಗಿದೆ ಅಂತ 2017ರ ಒಂದು ಅಧ್ಯಯನ ತೋರಿಸಿತು.

ತಲೆಬುರುಡೆ ಅಳೆದು ಮನುಷ್ಯರನ್ನು ಜನಾಂಗಗಳಾಗಿ ವಿಂಗಡಿಸುವ ಹುಚ್ಚು ಒಂದು ಕಾಲದಲ್ಲಿ ಜೋರಾಗಿತ್ತು. ತಲೆಯ ಆಕಾರ ಬದಲಾಗುವುದೇ ಇಲ್ಲ, ಅದು ಜನಾಂಗದ ಗುರುತು ಅನ್ನುವುದು ಅವರ ನಂಬಿಕೆ. ಫ್ರಾಂಜ್ ಬೋವಾಸ್ 1912ರ ಹೊತ್ತಿಗೆ ನ್ಯೂಯಾರ್ಕಿನಲ್ಲಿ ವಲಸೆ ಬಂದವರು ಮತ್ತು ಅವರ ಮಕ್ಕಳು ಸೇರಿ ಸುಮಾರು 18 ಸಾವಿರ ಜನರನ್ನು ಅಳೆದು, ಅಮೆರಿಕದಲ್ಲಿ ಹುಟ್ಟಿದ ಮಕ್ಕಳ ತಲೆಯ ಆಕಾರ ತಂದೆ ತಾಯಿಯದಕ್ಕಿಂತ ಬದಲಾಗಿದೆ ಅಂತ ತೋರಿಸಿದ. ತೊಂಬತ್ತು ವರ್ಷ ಆದಮೇಲೆ ಒಂದು ತಂಡ ಅದೇ ಅಂಕಿ ತೆಗೆದು ಬದಲಾವಣೆ ತೀರಾ ಸಣ್ಣದು ಅಂದಿತು, ಮರುವರ್ಷವೇ ಇನ್ನೊಂದು ತಂಡ ಇಲ್ಲ, ಬೋವಾಸ್ ಹೇಳಿದ್ದು ಹೆಚ್ಚುಕಡಿಮೆ ಸರಿ ಅಂದಿತು. ಬದಲಾವಣೆಯ ಪ್ರಮಾಣದ ಬಗ್ಗೆ ಜಗಳ ಆಡಬಹುದು. ಆದರೆ ತಲೆಬುರುಡೆಯ ಒಟ್ಟು ವ್ಯತ್ಯಾಸದಲ್ಲಿ ಬಹುಪಾಲು ಇರುವುದು ಒಂದೇ ಪ್ರದೇಶದ ಜನರ ನಡುವೆ, ಪ್ರದೇಶ ಪ್ರದೇಶಗಳ ನಡುವೆ ಇರುವುದು ಸ್ವಲ್ಪವೇ ಅನ್ನುವುದನ್ನು ಜಾನ್ ರೆಲೆತ್‌ಫೋರ್ಡ್ 1994ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು.

ಡ್ರಿಫ್ಟ್ ಅಂದರೆ ಏನೋ ದೂರದ ಮಾತು ಅಂತ ಅನ್ನಿಸಬಹುದು. ಹೆರಿಗೆ ಕೋಣೆಗೆ ಬನ್ನಿ. ಮಗು ಹೊರಬರುವ ದಾರಿ, ಅಂದರೆ ಸೊಂಟದ ಮೂಳೆಗಳ ನಡುವಿನ ಜಾಗ, ಎಲ್ಲ ಹೆಂಗಸರಲ್ಲೂ ಒಂದೇ ಆಕಾರ ಅಂತ ಬಹಳ ಕಾಲ ಪಾಠ ಮಾಡುತ್ತಿದ್ದರು. ಮಾದರಿಯಾಗಿ ಇಟ್ಟುಕೊಂಡಿದ್ದು ಹೆಚ್ಚಾಗಿ ಯುರೋಪಿನ ಹೆಂಗಸರ ಅಸ್ಥಿಪಂಜರ. 2018ರಲ್ಲಿ ಲಿಯಾ ಬೆಟ್ಟಿ ಮತ್ತು ಮಾನಿಕಾ 24 ಕಡೆಯ 348 ಹೆಂಗಸರ ಅಸ್ಥಿಪಂಜರ ಅಳೆದರು. ಸಹಾರಾದ ಕೆಳಗಿನ ಆಫ್ರಿಕಾದವರಲ್ಲಿ ಆ ದಾರಿ ಹಿಂದೆ ಮುಂದೆ ಆಳ, ಅಮೆರಿಕದ ಮೂಲನಿವಾಸಿಗಳಲ್ಲಿ ಅಡ್ಡಕ್ಕೆ ಅಗಲ, ಯುರೋಪ್ ಏಷ್ಯಾದವರು ನಡುವೆ. ಇಲ್ಲೂ ಆಫ್ರಿಕಾದಿಂದ ಇರುವ ದೂರದ ಗುರುತು ಸಿಕ್ಕಿತು, ಅಂದರೆ ಬಹುಪಾಲು ಡ್ರಿಫ್ಟ್. ದಾರಿಯ ಆಕಾರ ಬೇರೆ ಆದರೆ ಮಗು ತಿರುಗಿಕೊಂಡು ಬರುವ ರೀತಿಯೂ ಬೇರೆ ಆಗಬಹುದು. ಪುಸ್ತಕದಲ್ಲಿ ಇದ್ದ ಹಾಗೆ ತಿರುಗಲಿಲ್ಲ ಅಂತ ಗಾಬರಿಯಾಗಿ ಕೈಹಾಕುವುದರಲ್ಲಿ ಅಪಾಯ ಇದೆ.

ವ್ಯತ್ಯಾಸವನ್ನೇ ಸಹಿಸದ ಜಾಗಗಳೂ ಇವೆ. ಕುತ್ತಿಗೆ ಎಣಿಸಿ. ಏಳು ಮೂಳೆ. ಜಿರಾಫೆಗೂ ಏಳು, ಇಲಿಗೂ ಏಳು. ಸ್ತನಿಗಳಲ್ಲಿ ಮರದಲ್ಲಿ ನೇತಾಡುವ ಸ್ಲಾತ್ ಮತ್ತು ನೀರಿನಲ್ಲಿ ಬದುಕುವ ಮ್ಯಾನಟಿ ಬಿಟ್ಟರೆ ಹೆಚ್ಚುಕಡಿಮೆ ಎಲ್ಲಕ್ಕೂ ಅಷ್ಟೇ. ಸೊಂಟದ ಹತ್ತಿರದ ಬೆನ್ನುಮೂಳೆಗಳಲ್ಲಿ ಹಾಗಿಲ್ಲ, ಹೆಚ್ಚಿನವರಿಗೆ ಐದು, ಕೆಲವರಿಗೆ ನಾಲ್ಕು, ಕೆಲವರಿಗೆ ಆರು. ಎಷ್ಟೋ ಜನಕ್ಕೆ ತಮ್ಮದು ಆರು ಅಂತ ಬೇರೆ ಯಾವುದಕ್ಕೋ ಎಕ್ಸ್-ರೇ ತೆಗೆಸಿದಾಗಲೇ ಗೊತ್ತಾಗುವುದು. ಕುತ್ತಿಗೆಯ ಕೊನೆಯ ಮೂಳೆಗೆ ಒಮ್ಮೊಮ್ಮೆ ಒಂದು ಪಕ್ಕೆಲುಬು ಹುಟ್ಟಿಕೊಳ್ಳುತ್ತದೆ. ದೊಡ್ಡವರಲ್ಲಿ ಇದು ನೂರಕ್ಕೆ ಒಬ್ಬರಲ್ಲಿ ಇದ್ದರೆ ಹೆಚ್ಚು. ಆದರೆ ಹುಟ್ಟುವ ಮುಂಚೆಯೇ ತೀರಿಕೊಂಡ ಶಿಶುಗಳಲ್ಲಿ ಎಷ್ಟೋ ಪಟ್ಟು ಜಾಸ್ತಿ ಅಂತ ಫ್ರೀಟ್ಸನ್ ಗಾಲಿಸ್ ಮತ್ತು ಜೊತೆಯವರು ಕಂಡುಕೊಂಡರು. ಆ ಪಕ್ಕೆಲುಬಿನಿಂದ ಶಿಶು ಸಾಯುವುದಲ್ಲ. ಭ್ರೂಣ ತೀರಾ ಎಳೆಯದಿರುವಾಗ, ಮೈಯ ಯಾವ ಭಾಗ ಎಲ್ಲಿ ಬರಬೇಕು ಅಂತ ನಿರ್ಧರಿಸುವ ಹಾಕ್ಸ್ ಜೀನ್‌ಗಳ ಕೆಲಸ ಆ ಹೊತ್ತಿನಲ್ಲಿ ಎಡವಟ್ಟಾದರೆ ಅದರ ಜೊತೆಗೆ ಇನ್ನೂ ಹತ್ತು ಎಡವಟ್ಟಾಗುತ್ತವೆ. ಕುತ್ತಿಗೆಯ ಬದಲಾವಣೆ ಅದರ ಕುರುಹು. ಎಲ್ಲರಲ್ಲೂ ಏಳೇ ಕಾಣುವುದರ ಹಿಂದೆ ಹೀಗೆ ಕಾಣದೇ ಹೋದವರ ಲೆಕ್ಕ ಇದೆ.

ದವಡೆಯ ವಿಷಯ ಬೇಗ ಮುಗಿಸುತ್ತೇನೆ. ಹಲ್ಲಿನ ಗಾತ್ರ ಹೆಚ್ಚಾಗಿ ಜೀನ್ ಹೇಳಿದ ಹಾಗೆ. ದವಡೆಯ ಗಾತ್ರದಲ್ಲಿ ಎಷ್ಟು ಅಗಿದಿರಿ ಅನ್ನುವುದೂ ಸೇರುತ್ತದೆ. ಹೈರಾಕ್ಸ್ ಅನ್ನುವ ಮೊಲದ ಗಾತ್ರದ ಪ್ರಾಣಿಗಳಿಗೆ ಬೇಯಿಸಿದ ಮೆತ್ತನೆ ಆಹಾರ ಕೊಟ್ಟು ಬೆಳೆಸಿದಾಗ, ಹಸಿ ಗಟ್ಟಿ ಆಹಾರ ತಿಂದವುಗಳಿಗಿಂತ ಮುಖದ ಕೆಳಭಾಗದ ಬೆಳವಣಿಗೆ ಸುಮಾರು ಶೇ 10ರಷ್ಟು ಕಡಿಮೆ ಆಯಿತು, ಡೇನಿಯಲ್ ಲೀಬರ್‌ಮನ್ ಮತ್ತು ಜೊತೆಯವರ 2004ರ ಪ್ರಯೋಗ ಇದು. ಹಲ್ಲು ಅಷ್ಟೇ, ಕೂರುವ ಜಾಗ ಕಡಿಮೆ. ಬುದ್ಧಿಹಲ್ಲು ಅಡ್ಡ ಬೆಳೆದು ಒದ್ದಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಳೆಯ ಜನರ ಬದುಕನ್ನು ಮೂಳೆಯಿಂದ ಓದುವುದಿದೆಯಲ್ಲ, ನನಗೆ ಅತಿ ಇಷ್ಟದ ಭಾಗ ಅದು. ಸಿರಿಯಾದ ಅಬು ಹುರೇರಾ ಅನ್ನುವ ಜಾಗದಲ್ಲಿ ಮೊದಮೊದಲ ರೈತರ ಹಳ್ಳಿ ಇತ್ತು. ಅಲ್ಲಿ ಸಿಕ್ಕ ಹೆಂಗಸರ ಕಾಲಿನ ಹೆಬ್ಬೆರಳಿನ ಕೀಲು ಸವೆದು ಹಾಳಾಗಿತ್ತು, ಮಂಡಿಯಲ್ಲಿ, ಸೊಂಟದ ಹತ್ತಿರದ ಬೆನ್ನುಮೂಳೆಯಲ್ಲೂ ಪೆಟ್ಟಿನ ಗುರುತು. ಥೇಯಾ ಮಾಲೆಸನ್ ಇದನ್ನೆಲ್ಲ ಸೇರಿಸಿ ನೋಡಿದಾಗ ಒಂದು ಭಂಗಿ ಕಣ್ಣೆದುರು ಬಂತು. ಮಂಡಿಯೂರಿ, ಕಾಲ್ಬೆರಳುಗಳನ್ನು ಮುಂದಕ್ಕೆ ಮಡಿಸಿ ನೆಲಕ್ಕೆ ಒತ್ತಿ, ಮುಂದಕ್ಕೆ ಬಾಗಿ, ಕಲ್ಲಿನ ಮೇಲೆ ಕಾಳು ಅರೆಯುವುದು. ದಿನಾ, ಗಂಟೆಗಟ್ಟಲೆ, ಬದುಕಿರುವಷ್ಟು ಕಾಲ.

ಅವರ ತೋಳುಗಳು ಹೇಗಿದ್ದಿರಬಹುದು ಅಂತ ಕುತೂಹಲ ಇದ್ದರೆ, ಮಧ್ಯ ಯುರೋಪಿನ ಮೊದಲ ರೈತ ಮಹಿಳೆಯರ ಲೆಕ್ಕ ಇದೆ. ಸುಮಾರು 7,000 ವರ್ಷ ಹಿಂದಿನವರು. 2017ರಲ್ಲಿ ಅಲಿಸನ್ ಮ್ಯಾಕಿಂಟೋಷ್ ಮತ್ತು ಜೊತೆಯವರು ಅವರ ತೋಳಿನ ಮೂಳೆಯನ್ನು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ದೋಣಿ ಸ್ಪರ್ಧೆಯ ಹುಡುಗಿಯರ ತೋಳಿನ ಜೊತೆ ಹೋಲಿಸಿದರು. ಮೈಗಾತ್ರಕ್ಕೆ ತಕ್ಕಂತೆ ನೋಡಿದರೆ ಆ ಹಳೆಯ ಹೆಂಗಸರ ತೋಳು ಶೇ 11ರಿಂದ 16ರಷ್ಟು ಜಾಸ್ತಿ ಬಲವಾಗಿತ್ತು. ಆಟಗಾರ್ತಿಯರಲ್ಲದ ವಿದ್ಯಾರ್ಥಿನಿಯರಿಗಿಂತ ಹತ್ತಿರ ಹತ್ತಿರ ಶೇ 30. ದಿನಾ ಹುಟ್ಟು ಹಾಕುವವರನ್ನು ಮೀರಿಸುವ ತೋಳು! ಅದಕ್ಕೂ ಮುಂಚೆ ಇಂಥ ಹೋಲಿಕೆಯನ್ನೆಲ್ಲ ಗಂಡಸರ ಮೂಳೆಯ ಜೊತೆ ಮಾಡುತ್ತಿದ್ದರು, ಹೆಂಗಸರ ಮೂಳೆ ಭಾರಕ್ಕೆ ಅಷ್ಟಾಗಿ ಬದಲಾಗುವುದಿಲ್ಲವಾದ್ದರಿಂದ ಅವರ ದುಡಿಮೆ ಲೆಕ್ಕದಲ್ಲಿ ಕಾಣುತ್ತಲೇ ಇರಲಿಲ್ಲ. ಹೆಂಗಸರನ್ನು ಹೆಂಗಸರ ಜೊತೆ ಹೋಲಿಸಿದ ಮೇಲೆ ಕಂಡಿತು.

ಹೀಗೆ ಓದುವಾಗ ಆಸೆ ಜಾಸ್ತಿ ಆಗಿ ಎಡವುವುದೂ ಇದೆ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಿದ ಇಂಗ್ಲೆಂಡಿನ ಯುದ್ಧನೌಕೆ ಮೇರಿ ರೋಸ್‌ನಲ್ಲಿ ಸಿಕ್ಕ ಅಸ್ಥಿಪಂಜರಗಳಲ್ಲಿ, ಹೆಗಲ ಮೂಳೆಯ ತುದಿಯ ತುಂಡು ಕೂಡಿಕೊಳ್ಳದೆ ಬಿಡಿಯಾಗಿ ಉಳಿದವರು ಸಾಮಾನ್ಯಕ್ಕಿಂತ ಹೆಚ್ಚು. ಬೆಳೆಯುವ ವಯಸ್ಸಿನಲ್ಲೇ ಭಾರದ ಬಿಲ್ಲು ಎಳೆದು ಎಳೆದು ಹೀಗಾಗಿದೆ, ಇವರು ಬಿಲ್ಲುಗಾರರು ಅಂತ ಆನ್ ಸ್ಟರ್ಲಂಡ್ ವಾದಿಸಿದರು. ಇರಬಹುದು, ಹಡಗಿನಲ್ಲಿ ಬಿಲ್ಲುಗಳೂ ರಾಶಿ ಸಿಕ್ಕಿವೆ. ಆದರೆ ಇದೇ ತುಂಡು ಯಾವತ್ತೂ ಬಿಲ್ಲು ಮುಟ್ಟದವರಲ್ಲೂ ಕೂಡಿಕೊಳ್ಳದೆ ಉಳಿಯುತ್ತದೆ, ವಂಶದಲ್ಲಿ ಬರುವುದೂ ಇದೆ. ಹಾಗಾಗಿ ಒಂದು ಹೆಗಲು ಕೈಗೆತ್ತಿಕೊಂಡು ಇವನು ಬಿಲ್ಲುಗಾರ ಅನ್ನುವುದು ಜ್ಯೋತಿಷ್ಯ. ಒಂದಿಡೀ ಹಡಗಿನ ಜನರನ್ನು ಇಟ್ಟುಕೊಂಡು ಮಾತಾಡಿದರೆ ಅದಕ್ಕೆ ಸ್ವಲ್ಪ ತೂಕ.

ಕೊನೆಗೆ ಒಂದು ಕಾಳಿನಷ್ಟು ಮೂಳೆ. ಮಂಡಿಯ ಹಿಂದೆ, ಮೀನಖಂಡದ ಸ್ನಾಯುವಿನ ನಾರಿನೊಳಗೆ, ಕೆಲವರಿಗೆ ಫಬೆಲ್ಲಾ ಅನ್ನುವ ಪುಟ್ಟ ಮೂಳೆ ಇರುತ್ತದೆ. ಲ್ಯಾಟಿನ್‌ನಲ್ಲಿ ಹಾಗಂದರೆ ಪುಟ್ಟ ಅವರೆಕಾಳು ಅಂತಲೇ ಅರ್ಥ. ಬಹುಪಾಲು ಜನಕ್ಕೆ ಇಲ್ಲ, ಇಲ್ಲದಿದ್ದರೆ ನಷ್ಟವೂ ಇಲ್ಲ. ವಿಕಾಸದ ಹಾದಿಯಲ್ಲಿ ಮರೆಯಾಗುತ್ತಿರುವ ಮೂಳೆ ಅಂತ ಅಂದುಕೊಳ್ಳುವುದು ಸಹಜ. 2019ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಮೈಕಲ್ ಬರ್ಥೋಮ್ ಮತ್ತು ಜೊತೆಯವರು 27 ದೇಶಗಳ, 150 ವರ್ಷಗಳ ದಾಖಲೆ ತೆಗೆದು ಲೆಕ್ಕ ಹಾಕಿದರೆ ಉಲ್ಟಾ ಬಂತು. 1918ರಲ್ಲಿ ಇದು ಸುಮಾರು ಶೇ 11 ಜನರಲ್ಲಿ ಇತ್ತು, 2018ರಲ್ಲಿ ಶೇ 39ರಲ್ಲಿ.

ನೂರು ವರ್ಷದಲ್ಲಿ ಮೂರೂವರೆ ಪಟ್ಟು. ವಿಕಾಸ ಇಷ್ಟು ಬೇಗ ಓಡುವುದಿಲ್ಲ. ಈ ಮೂಳೆ ಹುಟ್ಟುವ ಸಾಧ್ಯತೆಯನ್ನು ಜೀನ್ ಕೊಟ್ಟಿರುತ್ತದೆ, ಸ್ನಾಯುವಿನ ಎಳೆತ, ಉಜ್ಜಾಟ ಸಾಕಷ್ಟು ಬಿದ್ದಾಗ ಅದು ನಿಜವಾಗಿ ಹುಟ್ಟುತ್ತದೆ ಅನ್ನುವುದು ಅವರ ಊಹೆ. ಊಟ ಚೆನ್ನಾಗಿ ಸಿಕ್ಕು ಜನ ಎತ್ತರ ಆದರು, ತೂಕ ಏರಿತು, ಮಂಡಿ ಕೆಳಗಿನ ಮೂಳೆ ಉದ್ದ ಆಯಿತು, ಮೀನಖಂಡ ದಪ್ಪ ಆಯಿತು, ಮಂಡಿಯ ಹಿಂದೆ ಎಳೆತ ಜಾಸ್ತಿ ಆಯಿತು. ಮೂಳೆ ಹುಟ್ಟಿತು. ಸಂಧಿವಾತ ಇರುವವರ ಮಂಡಿಯಲ್ಲಿ ಇದು ಹೆಚ್ಚಾಗಿ ಕಾಣುತ್ತದೆ. ಅದರಿಂದ ಸಂಧಿವಾತವೋ, ಸಂಧಿವಾತದಿಂದ ಅದೋ ಇನ್ನೂ ತೀರ್ಮಾನ ಆಗಿಲ್ಲ. ನಿಮ್ಮ ಮಂಡಿಯಲ್ಲಿ ಇದೆಯೋ ಇಲ್ಲವೋ, ಒಂದರಲ್ಲೋ ಎರಡರಲ್ಲೋ, ಎಕ್ಸ್-ರೇ ತೆಗೆಸುವ ತನಕ ನಿಮಗೂ ಗೊತ್ತಿಲ್ಲ.